ಹೊರಗೆ ತಿರುವಿದ ಜೇಬುಗಳು

ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಇವತ್ತು ಬರೆಯುತ್ತೇನೆ, ನಾಳೆ ಬರೆಯುತ್ತೇನೆ ಎನ್ನುತ್ತಲೇ ಉಳಿದೆ. ಬೈಯುವುದಿದ್ದರೆ ಬೈದುಬಿಡು. ಭಾವನ ಮಂಡಿನೋವು ಹೇಗಿದೆ? ಫೋನಿನಲ್ಲೇ ಮಾತಾಡಬಹುದಿತ್ತು, ಆದರೆ ನಮ್ಮ ಮನೆಯ ಗೋಡೆ ತೆಳು, ಮಗಳಿಗೆ ಎಲ್ಲ ಕೇಳಿಸುತ್ತದೆ. ಅದಕ್ಕೇ ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಯಂತ್ರದ ನಡುಕ ಎಂದುಕೋ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಆಸ್ಪತ್ರೆಯ ಬಟ್ಟೆ ಯಂತ್ರಕ್ಕೆ ಬೀಳುವ ಮೊದಲು ಪ್ರತಿ ಜೇಬಿಗೂ ಕೈ ಹಾಕಿ ನೋಡಬೇಕು. ಒಂದು ಪೆನ್ನು ಉಳಿದರೂ ಇಡೀ ಹೊರೆ ನೀಲಿ. ಅದೇ ಚಾಳಿ ಮನೆಗೂ ಬಂತು. ಮಗಳ ಜೇಬಿನಲ್ಲಿ ಕೈಯಾಡಿಸುವಾಗ ತಪ್ಪು ಅನ್ನಿಸಲೇ ಇಲ್ಲ. ಹದಿನಾರರ ಹುಡುಗಿ, ಬಾಗಿಲು ಹಾಕಿಕೊಂಡು ಕೂರುತ್ತಾಳೆ, ಕೇಳಿದರೆ ಏನಿಲ್ಲ ಅನ್ನುತ್ತಾಳೆ. ಜೇಬಿನಲ್ಲೂ ಏನೂ ಸಿಗದಿದ್ದಾಗ ಸಮಾಧಾನವಾಗಬೇಕಿತ್ತು. ನನಗೆ ಅನುಮಾನ ಇನ್ನೂ ಹೆಚ್ಚಾಯಿತು. ಅವಳು ಎಲ್ಲಿದ್ದಾಳೆ ಎಂದು ನನ್ನ ಫೋನಿನಲ್ಲಿ ಚುಕ್ಕೆಯಾಗಿ ತೋರಿಸುವ ಆ್ಯಪ್ ಒಂದನ್ನು ಅವಳ ಫೋನಿಗೆ ಹಾಕಿದೆ. ಅವಳಿಗೆ ಹೇಳಲಿಲ್ಲ.

ಅಂದಿನಿಂದ ನನಗೇ ನೆಮ್ಮದಿಯಿಲ್ಲ ಅಕ್ಕ. ಹೊದಿಕೆ ಮಡಿಸುತ್ತಲೂ ನೋಡುತ್ತೇನೆ, ಚಹಾ ಕುಡಿಯುತ್ತಲೂ ನೋಡುತ್ತೇನೆ. ಹೋದ ಗುರುವಾರ ಆ ಚುಕ್ಕೆ ಶಾಲೆ ಬಿಟ್ಟು ನದಿದಂಡೆಗೆ ಹೋಗಿ ನಿಂತುಬಿಟ್ಟಿತು. ಏಪ್ರನ್ ಕಳಚುವ ವ್ಯವಧಾನವೂ ಇಲ್ಲದೆ ಓಡಿದೆ. ಕಲ್ಲುಬೆಂಚಿನ ಮೇಲೆ ಒಬ್ಬಳೇ ಕೂತು ಬನ್ ತಿನ್ನುತ್ತಿದ್ದಳು. ಯಾರ ಜೊತೆ ಬಂದೆ ಎಂದು ಕೇಳಿದೆ. ಯಾರೂ ಇಲ್ಲ, ಸುಮ್ಮನೆ ಕೂರೋಣ ಅನ್ನಿಸಿತು ಎಂದಳು. ನಂಬದೆ ಮರಗಳ ಹಿಂದೆಲ್ಲ ಹುಡುಕಿದೆ. ನಗಬೇಡ. ನಾನಿಲ್ಲಿರುವುದು ನಿನಗೆ ಹೇಗೆ ಗೊತ್ತಾಯಿತು ಎಂದು ಅವಳು ಕೇಳಿದಾಗ ಕೈಯಲ್ಲಿದ್ದ ಫೋನನ್ನು ಏಪ್ರನ್ ಜೇಬಿಗೆ ಸೇರಿಸಿದೆ. ಅವಳಿಗೆ ಅರ್ಥವಾಯಿತು.

"ಅಮ್ಮಾ, ತಪ್ಪು ಮಾಡಿದ್ರೆ ಒಪ್ಕೋಬಹುದಿತ್ತು. ಏನೂ ಮಾಡಿಲ್ಲ ಅನ್ನೋದನ್ನ ಹೇಗೆ ತೋರಿಸ್ಲಿ?"

ಈಗ ತನ್ನ ಬಟ್ಟೆ ತಾನೇ ಒಗೆಯುತ್ತಾಳೆ. ಜೇಬುಗಳನ್ನೆಲ್ಲ ಹೊರಗೆ ತಿರುವಿ, ಬೀದಿಗೆ ಕಾಣುವಂತೆ ಬಾಲ್ಕನಿಯಲ್ಲಿ ಒಣಹಾಕುತ್ತಾಳೆ. ಇದೇನು ಹೊಸ ಫ್ಯಾಶನ್ನೇ ಎಂದು ಎದುರುಮನೆ ದರ್ಜಿ ಕೇಳಿದ. ಹೂಂ ಎಂದು ನಕ್ಕು ಒಳಗೆ ಬಂದೆ. ಇವರೋ, ತಾಯಿ ಮಗಳು ನೀವೇ ನೋಡಿಕೊಳ್ಳಿ ಎಂದು ಕೈತೊಳೆದುಕೊಂಡಿದ್ದಾರೆ. ಊಟಕ್ಕೆ ಕೂತಾಗ ಮೂರು ತಟ್ಟೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ನಿನ್ನೆ ಸಂಜೆ ಮನಸ್ಸು ಗಟ್ಟಿಮಾಡಿ, ಅವಳೆದುರಿಗೇ ಆ ಆ್ಯಪನ್ನು ತೆಗೆದುಹಾಕುತ್ತೇನೆಂದು ಫೋನ್ ಕೇಳಿದೆ. ಕೊಟ್ಟಳು. ಇನ್ನು ಎಲ್ಲ ಸರಿಹೋಗುತ್ತದೆ, ನೀನು ಚಿಂತೆ ಮಾಡಬೇಡ.

ಗಂಟೆ ಹೊಡೆಯಿತು, ಏಳಬೇಕು. ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ. ಅವರು ಯಾವಾಗಲೂ ನಿನ್ನ ತಲೆ ತಿನ್ನುವಷ್ಟು ಹರಟುತ್ತಿರಲಿ.

ಇಂತಿ ನಿನ್ನ
ತಂಗಿ

ಮರೆತದ್ದು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಸರಿಹೋಗುತ್ತದೆ ಎಂದದ್ದು ಸುಳ್ಳು ಅಕ್ಕ. ನಾನು ಅದನ್ನು ತೆಗೆಯಲು ಹೋದಾಗ ಫೋನನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡಳು. ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ. "ಇರ್ಲಿ ಬಿಡಮ್ಮ," ಎಂದಳು. "ಅದಿದ್ರೆ ನೀನು ನನ್ನನ್ನ ಏನೂ ಕೇಳ್ಬೇಕಾಗಿಲ್ಲ. ನಾನೂ ನಿಂಗೆ ಏನೂ ಹೇಳ್ಬೇಕಾಗಿಲ್ಲ."