ಅಳತೆ ತೆಗೆದ ದಿನ

ಗುರುವಾರ, ಮಧ್ಯಾಹ್ನ
ಹೊಲಿಗೆ ಅಂಗಡಿಯಿಂದ

ಬಸ್ಸು ಬಿಟ್ಟು ಮಂಚ ಹಿಡಿದಿರುವ ನನ್ನ ಕಂಡಕ್ಟರಮ್ಮನಿಗೆ,

ನಾನಿಲ್ಲಿ ಕ್ಷೇಮ ಎಂದು ಬರೆಯಲು ಹೋದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ನಿನಗೆ ಕ್ಯಾನ್ಸರ್ ತಿರುಗಿ ಬಂದಿದೆ ಎಂಬ ಸುದ್ದಿ ಕೇಳಿ ತಿಂಗಳ ಮೇಲಾಯಿತು, ಒಂದು ಸಲವೂ ನಿನ್ನನ್ನು ನೋಡಲು ಬರಲಿಲ್ಲ. ನೀನು ಫೋನ್ ಮಾಡಿದಾಗ ಅಮ್ಮ ಕೆಲಸದಲ್ಲಿದ್ದಾಳೆ ಎಂದು ಮಗಳಿಂದ ಹೇಳಿಸಿದೆ. ಆಮೇಲೆ ಮಂಡಿನೋವು ಎಂದೆ. ನನ್ನ ಮಂಡಿಗೆ ಏನೂ ಆಗಿಲ್ಲ. ನಿನ್ನೆ ನಿನ್ನ ತಮ್ಮ ಅಂಗಡಿಗೆ ಬಂದಿದ್ದ. ಟೈಲರಮ್ಮನ ಮೇಲೆ ಕೋಪ ಇಲ್ಲ, ಬೇಜಾರಿದೆ ಅಷ್ಟೇ ಅಂತ ಅಕ್ಕ ಹೇಳಿ ಕಳಿಸಿದ್ದಾಳೆ ಎಂದು ಹೇಳಿ, ಕೂರು ಎಂದರೂ ಕೂರದೆ ಹೋದ. ಕೋಪವಾಗಿದ್ದರೆ ನೀನು ಬೈದು ಮುಗಿಸುತ್ತಿದ್ದೆ. ಬೇಜಾರನ್ನು ನಾನು ಏನು ಮಾಡಲಿ?

ನೆನಪಿದೆಯಾ, ಔಷಧಿ ಹನಿಸುವ ಆ ಕೋಣೆಯಲ್ಲಿ ನಾವಿಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತದ್ದು. ಕೈಗೆ ಸೂಜಿ ಚುಚ್ಚಿಸಿಕೊಂಡೇ ನೀನು, ಬಾಗಿಲಲ್ಲಿ ನಿಂತ ನೆಂಟರನ್ನೆಲ್ಲ ಒಳಗೆ ನಡೀರಿ, ದಾರಿ ಬಿಡಿ ಎಂದು ಗದರಿಸುತ್ತಿದ್ದೆ. ಧೈರ್ಯವಾಗಿರಿ ಎಂದ ಒಬ್ಬಾಕೆಗೆ, ಬರಿಗೈಲಿ ಬಂದಿದ್ದೀರಲ್ಲ, ಆ ಧೈರ್ಯವನ್ನೇ ಅರ್ಧ ಕಿಲೋ ಕಟ್ಟಿಸಿಕೊಂಡು ಬರಬಾರದಿತ್ತಾ ಎಂದೆ. ಪಾಪ, ಆಕೆ ಮತ್ತೆ ಬರಲೇ ಇಲ್ಲ. ಮನೆಯಲ್ಲಿ ನಮಗೆ ಅಳುವ ಹಾಗಿರಲಿಲ್ಲ. ಅತ್ತರೆ ಕಾಯಿಲೆ ಜಾಸ್ತಿಯಾಗುತ್ತದೆ ಎಂದು ನನ್ನ ಗಂಡ, ನಗುನಗುತ್ತಾ ಇದ್ದರೆ ಅರ್ಧ ವಾಸಿ ಎಂದು ನಿನ್ನ ನಾದಿನಿ. ಹಾಗಾಗಿ ಅಳುವುದಕ್ಕೂ ನಾವು ಆಸ್ಪತ್ರೆಗೇ ಬರಬೇಕಾಗಿತ್ತು. ಊರೆಲ್ಲ ನಮಗೆ ಸುಳ್ಳು ಹೇಳಲಿ, ನಾವಿಬ್ಬರು ಮಾತ್ರ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಬೇಡ ಎಂದು ನೀನೇ ಅಂದಿದ್ದೆ. ನಾನು ಹೂಂ ಅಂದಿದ್ದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಹೇಳಿದರೆ ನಿನಗೆ ಆಗುವುದಿಲ್ಲ.

ಚಿಕಿತ್ಸೆ ಮುಗಿದು, ಕೂದಲು ಬಂದು, ನೀನು ಮತ್ತೆ ಡ್ಯೂಟಿಗೆ ಹೋಗುತ್ತಿದ್ದ ದಿನಗಳು. ಒಂದು ದಿನ ಎರಡು ಖಾಕಿ ಅಂಗಿ ತಂದು ನನ್ನ ಮೇಜಿನ ಮೇಲೆ ಹಾಕಿದೆ. ಬ್ಯಾಗಿನ ಪಟ್ಟಿ ಹೆಗಲಿಂದ ಜಾರುತ್ತಿದೆ, ಅಂಗಿ ಮೈಮೇಲೆ ನಿಲ್ಲುತ್ತಿಲ್ಲ, ಆಸ್ಪತ್ರೆಯ ತಕ್ಕಡಿ ಹತ್ತಲು ಭಯವಾಗುತ್ತಿದೆ ಎಂದೆ. ನೀನೇ ಟೇಪು ಹಿಡಿದು ನೋಡಿ ಹೇಳು ಮಾರಾಯ್ತಿ, ಇಳಿದಿದ್ದೀಯ ಅಂದ್ರೆ ನಾಳೇನೇ ಡಾಕ್ಟರ ಹತ್ರ ಹೋಗ್ತೀನಿ, ಇಲ್ಲಾಂದ್ರೆ ಅವರು ಕೊಟ್ಟ ತಾರೀಕಿಗೇ ಹೋದರಾಯ್ತು ಎಂದೆ.

ಟೇಪು ಹಿಡಿಯುವ ಮೊದಲೇ ನನಗೆ ಗೊತ್ತಾಗಿತ್ತು. ಬಾಗಿಲಲ್ಲಿ ನಿಂತವರ ಅಳತೆ ಕಣ್ಣಲ್ಲೇ ತೆಗೆಯುವ ಚಾಳಿ ನನ್ನದು. ನಿನ್ನ ಭುಜದ ಹೊಲಿಗೆ ತೋಳಿನ ಮೇಲೆ ಇಳಿದಿತ್ತು. ಬೆಳೆಯುವ ಮಕ್ಕಳಿಗೆ ಸಡಿಲ ಬಿಡಲು ನಾವು ಟೇಪಿನ ಒಳಗೆ ಬೆರಳಿಟ್ಟು ಅಳೆಯುತ್ತೇವೆ. ಅವತ್ತು ನಿನ್ನ ಬೆನ್ನ ಹಿಂದೆ ನಿಂತು ನಾನು ಇಡೀ ಅಂಗೈ ಇಟ್ಟೆ. ಹೋದ ಸಲದ್ದೇ ಅಳತೆ, ನೂಲಿನಷ್ಟೂ ಇಳಿದಿಲ್ಲ, ಒಗೆದು ಒಗೆದು ಬಟ್ಟೆ ಹಿಗ್ಗಿದೆ ಎಂದೆ. ನೀನು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು ಜೋರಾಗಿ ನಕ್ಕೆ. ಟೀ ತರಿಸಿದೆ. ನನಗೂ ಕುಡಿಸಿದೆ. ನೀನು ಹೋದ ಮೇಲೆ ಅಂಗಿಗಳನ್ನು ಬಿಗಿ ಮಾಡಿದೆ. ಎಷ್ಟು ಬಟ್ಟೆ ಒಳಗೆ ಮಡಚಿದೆ ಎಂದು ನನ್ನ ಕೈಗೆ ಗೊತ್ತು. ಮಾರನೆಯ ದಿನ ತೊಟ್ಟುಕೊಂಡು, ಮೈಗೆ ಅಚ್ಚು ಹೊಯ್ದ ಹಾಗಿದೆ, ಏನು ಕೈಗುಣ ನಿಂದು ಎಂದು ಹೊಗಳಿ ಹೋದೆ. ಆಮೇಲೆ ಡಾಕ್ಟರು ಕೊಟ್ಟ ತಾರೀಕು ಬರುವವರೆಗೂ ನೀನು ಆ ಕಡೆ ತಲೆ ಹಾಕಲಿಲ್ಲ. ಅಷ್ಟು ಹೊತ್ತಿಗೆ ಅದು ಶ್ವಾಸಕೋಶಕ್ಕೆ ಹೋಗಿತ್ತು.

ನಿನ್ನ ಮನಸ್ಸು ನೋಯಬಾರದೆಂದು ಹಾಗೆ ಹೇಳಿದೆ ಎಂದು ಬರೆದರೆ ನೀನು ನಂಬುತ್ತೀಯ. ಆದರೆ ಕಾರಣ ಅದಲ್ಲ. ಒಂದೇ ಡಾಕ್ಟರು, ಒಂದೇ ಔಷಧಿ, ಒಂದೇ ಕಾಯಿಲೆ ನಮ್ಮಿಬ್ಬರದು. ನಿನಗೆ ಮತ್ತೆ ಬಂತು ಅಂದರೆ ಮುಂದಿನ ಸರದಿ ನನ್ನದು ಎಂದು ಹೆದರಿದೆ. ನಿನ್ನ ಅಳತೆ ಸರಿಯಾಗಿಯೇ ಇರಬೇಕು ಎಂದು ನನಗಾಗಿ ಹಟ ಹಿಡಿದೆ. ಅದಕ್ಕಿಂತ ಹೇಸಿಗೆಯ ಮಾತು ಇನ್ನೊಂದಿದೆ. ನಿನ್ನ ಸುದ್ದಿ ಕಿವಿಗೆ ಬಿದ್ದಾಗ ಮೊದಲು ಅನಿಸಿದ್ದು, ಸದ್ಯ ನನಗಲ್ಲ ಎಂದು. ಅಳು ಬಂದದ್ದು ಆಮೇಲೆ.

ಔಷಧಿ ಅಂಗಡಿಯವರ ಹತ್ತಿರ ಯಾರೋ ನೆಂಟರ ಮಾತು ಎಂಬಂತೆ ಕೇಳಿದೆ, ಮೊದಲೇ ತೋರಿಸಿದ್ದರೆ ವಾಸಿಯಾಗುತ್ತಿತ್ತಾ ಎಂದು. ಹೇಳೋಕಾಗಲ್ಲಮ್ಮ, ಆದರೂ ಬೇಗ ಹೋಗೋದು ಒಳ್ಳೇದಲ್ವಾ ಎಂದರು. ಅಂದಿನಿಂದ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿದೆ ನನ್ನ ಪಾಡು. ಗಿರಾಕಿ ಬಂದು ಅಳತೆ ತಪ್ಪಿದೆ ಎಂದರೆ ಟೇಪು ಕೆಳಗಿಟ್ಟುಬಿಡುತ್ತೇನೆ. ರಿಪೋರ್ಟು ಚೆನ್ನಾಗೇ ಇದೆಯಲ್ಲ, ಇನ್ನೂ ಯಾಕೆ ಮುಖ ಸಣ್ಣ ಮಾಡ್ಕೊಂಡಿದ್ದೀಯ ಎನ್ನುತ್ತಾರೆ ನನ್ನ ಗಂಡ. ಪಕ್ಕದ ಅಂಗಡಿಯವಳು ನೀನು ಗೆದ್ದೆ ಬಿಡು ಎನ್ನುತ್ತಾಳೆ.

ಭಾನುವಾರ ಬರುತ್ತೇನೆ. ಬೈಯುವಷ್ಟು ಬೈಯಿ. ಪರವಾಗಿಲ್ಲ ಎಂದು ಮಾತ್ರ ಅನ್ನಬೇಡ, ನಿನ್ನ ಬಾಯಲ್ಲಿ ಆ ಮಾತು ಕೇಳಲಾರೆ. ಅಳಬೇಕು ಅನಿಸಿದರೆ ನಿನ್ನ ನಾದಿನಿಯನ್ನು ಆಚೆ ಕಳಿಸಿ ಬಾಗಿಲು ಹಾಕಿಕೊಳ್ಳುವ ಕೆಲಸ ನನ್ನದು. ನನ್ನ ಮುಖ ನೋಡುವುದೇ ಬೇಡ ಎನ್ನಿಸಿದರೆ ತಮ್ಮನಿಂದ ಹೇಳಿಸು. ಗೇಟಿನಿಂದಲೇ ಹಿಂದಕ್ಕೆ ಹೋಗುತ್ತೇನೆ. ಸೋಮವಾರ ಮತ್ತೆ ಬರುತ್ತೇನೆ.

ನಿನ್ನ ನಂಬಿಕೆಗೆ ಕತ್ತರಿ ಹಾಕಿದ,
ಟೈಲರಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ನನ್ನ ತಪಾಸಣೆಯ ದಿನ ನಾನು ಆಸ್ಪತ್ರೆಗೆ ಹೋಗಲೇ ಇಲ್ಲ. ನಿನ್ನ ಸುದ್ದಿ ಬಂದ ವಾರವದು. ಸಂಜೆಯವರೆಗೂ ಬಸ್ ನಿಲ್ದಾಣದಲ್ಲಿ ಕೂತಿದ್ದು ಮನೆಗೆ ಹೋಗಿ, ಎಲ್ಲ ಸರಿಯಿದೆಯಂತೆ ಎಂದೆ. ಅಳಬೇಡ ಅಳಬೇಡ ಎನ್ನುತ್ತಿದ್ದ ನನ್ನ ಗಂಡ ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತರು. ಅದನ್ನು ನೋಡಿದ ಮೇಲೆ ನಿಜ ಹೇಳಲು ಬಾಯಿ ಬರಲಿಲ್ಲ. ಎಡಗಡೆ ಕಂಕುಳಲ್ಲಿ ಏನೋ ಕೈಗೆ ಸಿಗುತ್ತಿದೆ. ಯಾರಿಗೂ ಹೇಳಿಲ್ಲ. ಮುಂದಿನ ಸಲ ನೀನು ಆಸ್ಪತ್ರೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತೀಯಾ?