ಮೋಟು ಬ್ರಷ್ಷು

ಮಾರ್ಚ್ ೧೪, ಶನಿವಾರ

ನನ್ನ ಎದೆಬಡಿತ ಕೇಳಿದ ಡಾಕ್ಟರು ನನ್ನನ್ನು ಪರ್ವತಾರೋಹಣದ ತಂಡದಿಂದ ಕಿತ್ತುಹಾಕಿ ವಾರವಾಯಿತು. ಹೆಂಡತಿ ಹೋಗುತ್ತಾಳೆ. ಅಷ್ಟೆತ್ತರಕ್ಕೆ ಒಂದು ಗ್ರಾಮೂ ಹೆಚ್ಚು ಹೊರಬಾರದೆಂದು ಇವತ್ತು ತನ್ನ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಿಂದ, ಶಸ್ತ್ರಚಿಕಿತ್ಸೆಯ ಗಾಂಭೀರ್ಯದಲ್ಲಿ ಕತ್ತರಿಸಿದಳು. ಇಷ್ಟು ವರ್ಷ ಜೊತೆಗೇ ಹತ್ತಿದ ಅಭ್ಯಾಸಬಲ. ಅವಳ ಕೈ ತಾನಾಗಿ ನನ್ನ ಬ್ರಷ್ಷಿಗೂ ಹೋಯಿತು.

"ಅಯ್ಯೋ, ನಿಮ್ದೂ ಕತ್ತರಿಸಿಬಿಟ್ನಲ್ರೀ!"

"ಹೋಗ್ಲಿ ಬಿಡೇ, ನನ್ನ ಮೂಗಾದ್ರೂ ಉಳೀತಲ್ಲ."

ಅವಳು ನಗಲಿಲ್ಲ. "ನಾಳೆ ಹೊಸದು ತರ್ತೀನಿ" ಅಂದಳು. ಬೇಡವೆಂದೆ. ಡೇರೆಯಲ್ಲಿ ಈ ಸಲ ಅವಳ ಪಕ್ಕ ಗೊರಕೆ ಹೊಡೆಯುವವರು ಯಾರೆಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಈಗಷ್ಟೇ ಆ ಮೋಟು ಬ್ರಷ್ಷಿನಲ್ಲೇ ಹಲ್ಲುಜ್ಜಿ ಬಂದೆ. ನಾನು ಕೆಳಗೇ ಉಳಿಯುವ ಸುದ್ದಿಯನ್ನು ಹಲ್ಲುಗಳಿಗಾದರೂ ಸದ್ಯಕ್ಕೆ ತಿಳಿಸುವುದು ಬೇಡ.