ಅಪ್ಪನ ಎಡ ಅಂಗೈ

ಕಂಪ್ಲಿ
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಮಗಳು ಕಾವ್ಯಾಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯವ್ವಾ? ಅಳಿಯಂದಿರ ನೈಟ್ ಶಿಫ್ಟ್ ಮುಗಿಯಿತೇ? ತೋರಣಗಲ್ಲಿನ ಧೂಳಿಗೆ ನಿನ್ನ ಕೆಮ್ಮು ಹೆಚ್ಚಿರಬೇಕು, ಬಿಸಿನೀರು ಕುಡಿ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ನಿಮ್ಮೂರಿಗೆ ಹೊರಟಿರುವ ನಿನ್ನ ತಮ್ಮ ಮಲ್ಲೇಶನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ.

ಹೋದ ಸಲ ಅಪ್ಪ ನೋವಿನಿಂದ ಕೂಗಿದ್ದು ಕೇಳಿ, ಫಿಸಿಯೋಥೆರಪಿ ಮಾಡಿಸಲು ಬರುವ ಯಶೋಧರಾಳಿಗೆ "ಸಾಕ್ರಿ, ಅಪ್ಪಗ ಹಿಂಸಾ ಕೊಡಬ್ಯಾಡ್ರಿ" ಎಂದು ಮುಖ ಊದಿಸಿಕೊಂಡು ಹೋದೆಯಲ್ಲ, ಆ ಹುಡುಗಿ ಮರುದಿನವೂ ನಗುನಗುತ್ತಲೇ ಬಂದಳು. ಲಕ್ವಾ ಹೊಡೆದ ಮೇಲೆ ಅಪ್ಪನ ಎಡಗೈಯನ್ನು ಶಾಲಿನಲ್ಲಿ ಸುತ್ತಿ, ಅಲ್ಲಾಡಿಸಬೇಡಿ ಎಂದು ದಿಂಬಿನ ಮೇಲಿಟ್ಟು, ಬಿಗಿದುಹೋಗುವಂತೆ ಮಾಡಿದವರು ನಾವೇ. ಬಿಗಿದ ಬೆರಳು ಬಿಡಿಸುವಾಗ ನೋವಾಗದೆ ಇರುತ್ತದೆಯೇ? ಒಂದು ದಿನ ಬಿಚ್ಚಿದ ಕೈ ಮರುದಿನ ಮತ್ತೆ ಮುಚ್ಚಿಕೊಂಡಿರುತ್ತದೆ. ಅಪ್ಪ ಬೈಯುತ್ತಾರೆ, ಆಮೇಲೆ ತಾವೇ ಕೈ ಮುಂದೆ ಮಾಡುತ್ತಾರೆ. ನಮ್ಮ ಅಕ್ಕಿ ಮಿಲ್ಲಿನಲ್ಲಿ ಹಮಾಲರ ಮೇಲೆ ಕೂಗಾಡುತ್ತಿದ್ದ ಮನುಷ್ಯನಲ್ಲಿ ಇಷ್ಟು ತಾಳ್ಮೆ ಎಲ್ಲಿತ್ತೋ, ಇಷ್ಟು ವರ್ಷ ಸಂಸಾರ ಮಾಡಿದ ನನಗೇ ಗೊತ್ತಿರಲಿಲ್ಲ.

ಅವರ ಚಿಂತೆ ಒಂದೇ. ಪೂಜೆಯ ಹೊತ್ತಿಗೆ ಇಷ್ಟಲಿಂಗ ಎಡ ಅಂಗೈ ಮೇಲೆಯೇ ಕೂರಬೇಕು. ಬಲಗೈಯಲ್ಲಿ ಹಿಡಿದರೇನಾಯಿತು ಎಂದ ನಿನ್ನ ಸೋದರಮಾವನ ಜೊತೆ ಈಗಲೂ ಮಾತು ಬಿಟ್ಟಿದ್ದಾರೆ. ಲಿಂಗ ಜಾರಿ ಬಿದ್ದರೇನು ಗತಿ ಎಂದು ನಾನು ಅವರ ಕೈ ಕೆಳಗೆ ನನ್ನ ಕೈ ಒತ್ತಿ ಹಿಡಿದು ಪೂಜೆ ಮಾಡಿಸುತ್ತಿದ್ದೆ. ಯಶೋಧರಾ ಅದನ್ನು ಕೇಳಿ, "ಅಮ್ಮಾರ, ಕೆಲಸೆಲ್ಲಾ ನಿಮ್ಮ ಕೈನ ಮಾಡಿದ್ರ ಅಪ್ಪಾರ ಕೈ ಯಾವಾಗ ಕಲೀಬೇಕ್ರಿ?" ಅಂದಳು. ಅಂದಿನಿಂದ ಅವರ ಮಡಿಲಿಗೆ ಕೌದಿ ಹಾಸಿ, ಅಂಗೈ ಮೇಲೆ ನಿಂಬೆಹಣ್ಣು ಇಟ್ಟು ಕಲಿಸುತ್ತಾಳೆ. ಅದು ಬಿದ್ದಷ್ಟು ಸಲವೂ ಎತ್ತಿ ಕೊಡುತ್ತಾಳೆ, ಬೇಸರವೆಂಬುದೇ ಇಲ್ಲ. ಬೆರಳು ಪೂರ್ತಿ ಮೊದಲಿನಂತಾಗದೆ ಇರಬಹುದು ಎಂದೂ ಮುಚ್ಚಿಡದೆ ಹೇಳಿದ್ದಾಳೆ. ನನಗೆ ಅವಳ ಮೇಲೆ ನಂಬಿಕೆ ಬಂದದ್ದು ಆ ಮಾತಿನಿಂದಲೇ.

ಹಾಗಾಗಿ ನಿಲ್ಲಿಸಿ ಎಂದು ಮತ್ತೆ ಹೇಳಬೇಡವ್ವಾ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಇಬ್ಬರೂ ಸುಖವಾಗಿರಿ.

ನಿನ್ನ ಅಮ್ಮ,
ಎರ್ರಮ್ಮ

ತಾ.ಕ.: ಮಲ್ಲೇಶ ಬಸ್ಸಿಗೆ ಅವಸರ ಮಾಡುತ್ತಿದ್ದಾನೆ. ಇವತ್ತು ಪೂಜೆಗೆ ಕೂತಾಗ ಎಂದಿನಂತೆ ಅವರ ಕೈ ಕೆಳಗೆ ನನ್ನ ಕೈ ಹಿಡಿದಿದ್ದೆ, ಅಪ್ಪ "ಕೈ ತಗಿ" ಅಂದರು. ನನಗೆ ಧೈರ್ಯ ಬರಲಿಲ್ಲ. "ತಗಿ ಅಂದ್ನೆಲ್ಲ" ಎಂದು ಗದರಿದರು. ತೆಗೆದೆ. ಅವರ ಕೈ ನಡುಗಿತು, ಲಿಂಗ ಬೀಳಲಿಲ್ಲ. ಪೂಜೆ ಮುಗಿಯುವವರೆಗೂ ನನ್ನ ಖಾಲಿ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ, ಕಾವ್ಯಾ.